ಒಂದು ಲೋಟ ಡೀಸೆಲ್

ಆಸ್ಪತ್ರೆಗಳ ಹಾಸಿಗೆ ಬಟ್ಟೆಯನ್ನೆಲ್ಲ ಹೊತ್ತು ತಂದು, ಒಗೆದು, ಇಸ್ತ್ರಿ ಮಾಡಿ ಮತ್ತೆ ಅಲ್ಲಿಗೇ ಮುಟ್ಟಿಸುವ ಕಂಪನಿಯೊಂದಿತ್ತು. ಅದಕ್ಕೆ ಇಪ್ಪತ್ತೆರಡು ವ್ಯಾನು, ಇಪ್ಪತ್ತೆರಡು ಡ್ರೈವರುಗಳು. ಅವರಲ್ಲಿ ಒಂದನೇ ನಂಬರಿನ ವ್ಯಾನಿನವರ ಕಥೆ ಇದು. ಅವರು ಶಾಲೆಯ ಮೆಟ್ಟಿಲು ಹತ್ತಿದ್ದು ಆರನೇ ಕ್ಲಾಸಿನವರೆಗೆ. ಆದರೂ ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಮೇಷ್ಟ್ರು ಅಂತ. ಉಳಿದ ಇಪ್ಪತ್ತೊಂದು ಜನರಲ್ಲಿ ಹತ್ತೊಂಬತ್ತು ಮಂದಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದು ಅವರೇ ಆದ್ದರಿಂದ ಆ ಹೆಸರು ಅವರಿಗೆ ಒಪ್ಪುತ್ತಲೂ ಇತ್ತು.

ಮೇಷ್ಟ್ರ ಪಾಠದಲ್ಲಿ ಹಿಮ್ಮುಖ ಬರುವುದಿತ್ತು, ಕನ್ನಡಿ ನೋಡುವುದಿತ್ತು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದಿತ್ತು. ಎಲ್ಲಕ್ಕಿಂತ ಮೊದಲನೆಯ ಪಾಠ ಮಾತ್ರ ಒಂದೇ: ಬೆಳಗ್ಗೆ ಸ್ಟಾರ್ಟ್ ಮಾಡಿದ ಎಂಜಿನ್ನನ್ನು ಊಟದ ಹೊತ್ತಿನವರೆಗೆ ಆರಿಸಬಾರದು. “ನಿಂತಾಗ ಎಂಜಿನ್ ಕುಡಿಯೋದು ಒಂದು ಚಮಚ. ಆರಿಸಿ ಮತ್ತೆ ಎಬ್ಬಿಸಿದ್ರೆ ಒಂದು ಲೋಟ ಡೀಸೆಲ್ ಗಟಗಟ ಕುಡಿಯುತ್ತೆ” ಅನ್ನುತ್ತಿದ್ದರು. ಮರೆತು ಕೀಲಿ ತಿರುಗಿಸಿದವರಿಗೆ ಒಂದು ವಾರ ಸ್ಟೀರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ.

ಈ ಮಾತನ್ನು ಅವರು ಗಾಳಿಯಿಂದ ಹಿಡಿದು ತಂದದ್ದಲ್ಲ. ಅವರು ಮೊದಲು ಕೆಲಸ ಕಲಿತ ಲಾರಿ ಎಂಥದ್ದೆಂದರೆ, ಅದರ ಬ್ಯಾಟರಿ ಹೋಗಿ ಯಾವ ಕಾಲವಾಗಿತ್ತೋ ಅದಕ್ಕೇ ನೆನಪಿರಲಿಲ್ಲ. ಆರಿದರೆ ಮೂರು ಜನ ತಳ್ಳಬೇಕು, ತಳ್ಳಿದ ಮೂವರ ಮುಖಕ್ಕೂ ಮಸಿ ಉಗುಳಿಯೇ ಅದು ಏಳುತ್ತಿತ್ತು. ಆ ಲಾರಿಗೆ ಆ ಮಾತು ಸತ್ಯ. ಲಾರಿ ಗುಜರಿಗೆ ಹೋಯಿತು, ಮಾತು ಮಾತ್ರ ಮೇಷ್ಟ್ರ ಜೊತೆ ಬಂದು ಹೊಸ ವ್ಯಾನುಗಳನ್ನು ಹತ್ತಿ ಕೂತಿತು.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಅಂತ ನಾವೂ ಬಿಟ್ಟುಬಿಡಬಹುದಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಇನ್ನೊಂದು ಸಂಗತಿ ನಡೆದಿತ್ತು. ಒಂದನೇ ನಂಬರಿನ ವ್ಯಾನು ಗ್ಯಾರೇಜಿಗೆ ಹೋಗಿದ್ದಾಗ ಅಲ್ಲಿನ ಮೆಕ್ಯಾನಿಕ್ಕು, ಕೈ ಒರೆಸಿಕೊಳ್ಳುತ್ತಾ, ಮೇಷ್ಟ್ರೇ ಆ ಕಾಲ ಹೋಯ್ತು ಅಂದ. ಈಗಿನ ಎಂಜಿನ್ನಿಗೆ ಮತ್ತೆ ಎದ್ದೇಳಲು ಬೇಕಾಗುವುದು ಹತ್ತು ಸೆಕೆಂಡು ನಿಂತು ಸುಡುವಷ್ಟು ಡೀಸೆಲ್ಲೂ ಅಲ್ಲ; ನೀವು ಆಸ್ಪತ್ರೆ ಹಿಂದೆ ಅರ್ಧ ಗಂಟೆ ಗುರುಗುಟ್ಟಿಸುತ್ತಾ ನಿಲ್ಲಿಸುವುದರಿಂದ ಹೊಗೆ ಬಿಟ್ಟರೆ ಬೇರೇನೂ ಹುಟ್ಟುವುದಿಲ್ಲ ಅಂತ ವಿವರಿಸಿ ಹೇಳಿದ. ಒಂದು ಡಬ್ಬಿಗೆ ಕೊಳವೆ ಜೋಡಿಸಿ ಅಳೆದೂ ತೋರಿಸಿದ. ಮೇಷ್ಟ್ರು ನೋಡಿದರು, ಒಪ್ಪಿದರು. ಅವತ್ತಿನಿಂದ ಒಬ್ಬರೇ ಇದ್ದಾಗ ನಿಂತಲ್ಲೆಲ್ಲ ಎಂಜಿನ್ ಆರಿಸತೊಡಗಿದರು.

ಒಬ್ಬರೇ ಇದ್ದಾಗ ಅಂದೆ, ಗಮನವಿರಲಿ. ಪಕ್ಕದಲ್ಲಿ ಕಲಿಯುವವರು ಕೂತಿದ್ದರೆ ಆರಿಸುತ್ತಿರಲಿಲ್ಲ. ಹತ್ತೊಂಬತ್ತು ಜನರ ಎದುರು ನಿಂತು ನಾನು ಹೇಳಿದ್ದು ತಪ್ಪು ಅನ್ನಲು ನಾಲಿಗೆ ಏಳಬೇಕಲ್ಲ. ನಾಳೆ ಹೇಳೋಣ ಅಂದುಕೊಂಡರು, ಆ ನಾಳೆಗೆ ಇನ್ನೊಂದು ನಾಳೆ ಹುಟ್ಟಿತು. ಮೆಕ್ಯಾನಿಕ್ಕು ಬೇರೆ ಊರಿಗೆ ಕೆಲಸಕ್ಕೆ ಹೋದ. ಗೊತ್ತಿದ್ದವನೊಬ್ಬ ಹೋದ ಮೇಲೆ ಗುಟ್ಟಿಗೆ ಇನ್ನೂ ಬೆಚ್ಚಗಾಯಿತು.

ಹೀಗಿರುವಾಗ ಅತಿ ದೊಡ್ಡ ಆಸ್ಪತ್ರೆಯಿಂದ ಕಂಪನಿಗೆ ಒಂದು ಕಾಗದ ಬಂತು. ನಿಮ್ಮ ಗಾಡಿಗಳು ಎಷ್ಟು ಹೊಗೆ ಬಿಡುತ್ತವೆಂದು ಲೆಕ್ಕ ತೋರಿಸಿ. ಆರು ತಿಂಗಳಲ್ಲಿ ಅದನ್ನು ಐದರಲ್ಲಿ ಒಂದು ಪಾಲು ಇಳಿಸಿ. ಆಗದಿದ್ದರೆ ನಮ್ಮ ಬಟ್ಟೆ ಬೇರೆ ಕಡೆ ಒಗೆಸಿಕೊಳ್ಳುತ್ತೇವೆ ಅಂತ. ಮ್ಯಾನೇಜರ್‌ಗೆ ರಾತ್ರಿಯ ನಿದ್ದೆ ಹಾರಿತು. ಒಂದು ಭಾನುವಾರ ಪ್ರತಿ ವ್ಯಾನಿನ ಡ್ಯಾಶ್‌ಬೋರ್ಡಿನ ಒಳಗೂ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯೊಂದನ್ನು ಕೂರಿಸಿದರು. ಗಾಡಿ ಎಲ್ಲಿದೆ, ಎಷ್ಟು ಜೋರಾಗಿ ಹೋಯಿತು, ಎಲ್ಲಿ ನಿಂತಿತು, ನಿಂತಾಗ ಎಂಜಿನ್ ಉರಿಯುತ್ತಿತ್ತೋ ಆರಿತ್ತೋ, ಎಲ್ಲವೂ ಆಫೀಸಿನ ಗೋಡೆಯ ಮೇಲಿನ ಪರದೆಯಲ್ಲಿ ಚುಕ್ಕಿಚುಕ್ಕಿಯಾಗಿ ಕಾಣುತ್ತಿತ್ತು. ಅದನ್ನು ನೋಡಿಕೊಳ್ಳಲು ಬಂದ ಗಡ್ಡದ ಮನುಷ್ಯನಿಗೆ ಡ್ರೈವರುಗಳು ಎರಡೇ ದಿನದಲ್ಲಿ ಚುಕ್ಕಿ ಸಾರ್ ಅಂತ ಹೆಸರಿಟ್ಟರು.

ಹದಿನಾರನೇ ನಂಬರಿನವನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಮನೆಯಲ್ಲಿ ಅತ್ತೆ ಕಾಯ್ತಾರೆ, ದಾರಿಯಲ್ಲಿ ಡಬ್ಬಿ ಕಾಯುತ್ತೆ, ನಾನಿನ್ನು ನೆಮ್ಮದಿಯಾಗಿ ಕೆಮ್ಮಬೇಕಾದರೂ ರಜಾ ಹಾಕಬೇಕು ಅಂತ ಅಂಗಳದಲ್ಲಿ ಎಲ್ಲರನ್ನೂ ನಗಿಸಿದ. ಮೇಷ್ಟ್ರೂ ನಕ್ಕರು. ಮಡಿಲಲ್ಲಿ ಕದ್ದದ್ದಿಲ್ಲದವರಿಗೆ ಕಾವಲು ನಾಯಿ ಯಾಕೆ ಬೊಗಳುತ್ತೆ ಅಂತ ದೊಡ್ಡದಾಗಿ ಹೇಳಿದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರ ಕೈ ಜೇಬಿನಲ್ಲಿದ್ದ ಕೀಲಿಯನ್ನು ಮುಟ್ಟಿ ನೋಡಿತು.

ತಿಂಗಳು ತುಂಬಿದ ಮೇಲೆ ಎಲ್ಲರನ್ನೂ ಆಫೀಸಿಗೆ ಕರೆದರು. ಡಬ್ಬಿಗಳಿಂದ ಆಗಲೇ ಒಳ್ಳೆಯದಾಗಿತ್ತು, ಸುಳ್ಳು ಹೇಳಬಾರದು. ಒಂದೇ ಬೀದಿಗೆ ಎರಡು ವ್ಯಾನು ಹತ್ತು ನಿಮಿಷದ ಅಂತರದಲ್ಲಿ ಹೋಗುತ್ತಿದ್ದದ್ದು ಪರದೆಯಲ್ಲಿ ಕಂಡು ಆ ದಾರಿಗಳನ್ನು ಕೂಡಿಸಿದ್ದರು. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೂ ಹೊಗೆ ಇಳಿದದ್ದು ಸ್ವಲ್ಪವೇ. ಯಾಕೆಂದು ಚುಕ್ಕಿ ಸಾರ್ ಪರದೆ ತೋರಿಸಿದರು. ಗಾಡಿ ಓಡುತ್ತಿದ್ದಲ್ಲಿ ನೀಲಿ ಗೆರೆ, ನಿಂತು ಸುಮ್ಮನೆ ಉರಿಯುತ್ತಿದ್ದಲ್ಲಿ ಕಿತ್ತಳೆ ಚುಕ್ಕಿ. ನಕ್ಷೆಯ ತುಂಬ ಕಿತ್ತಳೆ. ದಿನಕ್ಕೆ ಒಂದೊಂದು ವ್ಯಾನು ಸುಮಾರು ಎರಡು ಗಂಟೆ ಹೀಗೆ ನಿಂತಲ್ಲೇ ಸುಡುತ್ತಿದೆಯೆಂದೂ, ಎಲ್ಲರಿಗೂ ಒಂದೇ ಕಾಯಿಲೆ ಹೇಗೆ ಬಂತೋ ತನಗೆ ಅರ್ಥವಾಗುತ್ತಿಲ್ಲವೆಂದೂ ಅವರು ಹೇಳಿದರು.

ಡ್ರೈವರುಗಳಿಗೆ ಅರ್ಥವಾಯಿತು.

“ಎಲ್ಲಕ್ಕಿಂತ ಹೆಚ್ಚು ಹನ್ನೊಂದನೇ ನಂಬರು” ಅಂದರು ಮ್ಯಾನೇಜರ್. “ದಿನಕ್ಕೆ ಮೂರು ಗಂಟೆ. ಏನಮ್ಮ ಇದು? ಎಂಜಿನ್ ಆರಿಸಬೇಡ ಅಂತ ಯಾರಾದ್ರೂ ಹೇಳಿದ್ರಾ ನಿಂಗೆ?”

ಹನ್ನೊಂದನೇ ನಂಬರಿನವಳು ಯಾರೆಂದು ಇಲ್ಲಿ ಹೇಳಬೇಕು. ಅವಳು ಮೊದಲು ಇಸ್ತ್ರಿ ಹಾಲಿನಲ್ಲಿದ್ದಳು. ಹಬೆಯಾಡುವ ಉರುಳೆಗಳ ನಡುವೆ ಒದ್ದೆ ಬೆಡ್‌ಶೀಟು ತೂರಿಸುವ ಕೆಲಸ. ಏಳು ವರ್ಷದಲ್ಲಿ ಮುಂಗೈ ತುಂಬ ಸುಟ್ಟ ಕಲೆ. ಬಟ್ಟೆ ತುಂಬಿದ ಟ್ರಾಲಿಯನ್ನು ಅವಳು ಇಕ್ಕಟ್ಟಾದ ಬಾಗಿಲಲ್ಲಿ ಎಲ್ಲೂ ತಾಗಿಸದೆ ಹಿಂದಕ್ಕೆ ಎಳೆಯುವುದನ್ನು ಮೇಷ್ಟ್ರು ಒಂದು ದಿನ ನೋಡಿ, ಈ ಹುಡುಗಿಗೆ ಕನ್ನಡಿಯೇ ಬೇಡ ಅಂತ ಬೆರಗಾಗಿ, ತಾವೇ ಮ್ಯಾನೇಜರ್ ಹತ್ತಿರ ಮಾತಾಡಿ ವ್ಯಾನಿಗೆ ಹತ್ತಿಸಿಕೊಂಡಿದ್ದರು. ಅದು ಮೂರು ವರ್ಷದ ಹಿಂದೆ. ಲೆಕ್ಕ ಹಾಕಿ ನೋಡಿ: ಮೆಕ್ಯಾನಿಕ್ಕು ಡಬ್ಬಿಯಲ್ಲಿ ಅಳೆದು ತೋರಿಸಿ ಒಂದು ವರ್ಷ ಕಳೆದ ಮೇಲೆ. ಅವಳಿಗೂ ಮೇಷ್ಟ್ರು ಅದೇ ಒಂದು ಲೋಟದ ಪಾಠ ಹೇಳಿದ್ದರು. ಕಲಿತವರಲ್ಲೆಲ್ಲ ಅವಳೇ ನಿಯತ್ತಿನವಳು. ಉಳಿದವರು ಬಿಸಿಲಿಗೆ ಬೇಸತ್ತು ಆಗೀಗ ಕೀಲಿ ತಿರುಗಿಸಿಬಿಡುತ್ತಿದ್ದರು, ಅವಳು ಒಮ್ಮೆಯೂ ತಿರುಗಿಸಿರಲಿಲ್ಲ. ಅದಕ್ಕೇ ಮೂರು ಗಂಟೆ.

ಅವಳು ಮ್ಯಾನೇಜರ್ ಮುಖ ನೋಡಿದಳು. ಮೇಷ್ಟ್ರ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ.

“ಯಾರೂ ಹೇಳಿಲ್ಲ ಸಾರ್. ನಂದೇ ಅಭ್ಯಾಸ.”

ಹಾಗಾದರೆ ಈ ತಿಂಗಳ ಕೊನೆಗೆ ಮತ್ತೆ ಇಸ್ತ್ರಿ ಹಾಲಿಗೆ ಹೋಗು, ಆಸ್ಪತ್ರೆಯವರಿಗೆ ನಾವು ಏನಾದರೂ ಮಾಡಿ ತೋರಿಸಬೇಕಲ್ಲ ಅಂದರು ಮ್ಯಾನೇಜರ್. ಅದೇ ಉಸಿರಿನಲ್ಲಿ, ನಕ್ಷೆಯಲ್ಲಿ ಕಿತ್ತಳೆಯೇ ಇಲ್ಲದ ಗಾಡಿಯೂ ಒಂದಿದೆ ಅಂದರು. ಒಂದನೇ ನಂಬರು. ಪರದೆಯ ಮೇಲೆ ಮೇಷ್ಟ್ರ ದಾರಿ ನೀಲಿ ದಾರದ ಹಾಗೆ ಶುಭ್ರವಾಗಿ ಬಿದ್ದಿತ್ತು. ಗಾಡಿ ಓಡಿಸುವುದನ್ನು ಇವರಿಂದ ಕಲೀರಿ, ಬರುವ ಸೋಮವಾರ ಇವರೇ ನಿಮಗೆಲ್ಲ ಪಾಠ ಮಾಡ್ತಾರೆ ಅಂತ ಹೇಳಿ, ಹೆಸರು ಬರೆದ ಪ್ರಶಂಸಾಪತ್ರವನ್ನು ಅವರ ಕೈಗಿಟ್ಟು ಚಪ್ಪಾಳೆ ತಟ್ಟಿದರು.

ಉಳಿದವರೂ ತಟ್ಟಿದರು, ನಿಧಾನವಾಗಿ. ಹತ್ತೊಂಬತ್ತು ಜೊತೆ ಕಣ್ಣುಗಳು ಮೊದಲು ಪರದೆಯ ಮೇಲಿನ ನೀಲಿಯನ್ನು ನೋಡಿದವು, ಆಮೇಲೆ ಮೇಷ್ಟ್ರನ್ನು. ಅವರಲ್ಲಿ ಕೋಪಕ್ಕಿಂತ ಹೆಚ್ಚಾಗಿ ಗೊಂದಲವಿತ್ತು. ಮೇಷ್ಟ್ರು ತಮ್ಮ ಬೂಟಿನ ಲೇಸಿನತ್ತ ನೋಡುತ್ತಾ ನಿಂತರು. ಆ ಹೊತ್ತಿಗೆ ನೆಲ ಬಾಯಿ ಬಿಟ್ಟಿದ್ದರೆ ಪ್ರಶಂಸಾಪತ್ರದ ಸಮೇತ ಇಳಿದುಬಿಡುತ್ತಿದ್ದರು. ನೆಲ ಎಲ್ಲಿ ನಮ್ಮ ಮಾತು ಕೇಳುತ್ತದೆ? ಅವರೂ ಬಾಯಿ ಬಿಡಲಿಲ್ಲ.

ಮನೆಗೆ ಹೋದರೆ ಹೆಂಡತಿ ಆ ಕಾಗದವನ್ನು ಎರಡು ಸಲ ಓದಿ, ಎಲ್ಲಿ ತೂಗು ಹಾಕಲಿ ಅಂತ ಗೋಡೆಗಳನ್ನೆಲ್ಲ ಸುತ್ತಿ ಬಂದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಎದುರು ಹಾಕಿದರೆ ಹೊಲಿಯುತ್ತಾ ನೋಡಬಹುದು ಅಂದಳು. ಮೊಳೆ ಹೊಡೆಯಲು ಕುರ್ಚಿ ಹತ್ತಿದವಳು ಅಲ್ಲಿಂದಲೇ ಕೇಳಿದಳು: “ಅಲ್ಲಾ, ಎಂಜಿನ್ ಆರಿಸೋದಕ್ಕೆ ಕೊಟ್ಟಿದ್ದಾರೆ ಅಂತಿದೆ ಇದ್ರಲ್ಲಿ. ಆರಿಸಬಾರದು ಅಂತ ತಾನೇ ನೀವು ಎಲ್ರಿಗೂ ಹೇಳ್ತಿದ್ದಿದ್ದು?”

ಅದು ಬೇರೆ ವಿಷಯ, ನಿನಗೆ ಗೊತ್ತಾಗಲ್ಲ ಅಂದರು ಮೇಷ್ಟ್ರು. ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿ ಅವಳಿಗೆ ಹೊಸದಲ್ಲ. ಮೊಳೆ ಹೊಡೆಯದೆ ಕುರ್ಚಿಯಿಂದ ಇಳಿದಳು, ಕಾಗದವನ್ನು ಮಡಿಸದೆ ಮೇಜಿನ ಮೇಲಿಟ್ಟಳು, ಊಟಕ್ಕೆ ತಟ್ಟೆ ಹಾಕಿದಳು.

ತಪ್ಪಿತಸ್ಥನ ಮನಸ್ಸು ಅರ್ಧ ದಾರಿಯನ್ನು ಬಹಳ ಚೆನ್ನಾಗಿ ಹುಡುಕುತ್ತದೆ. ಮಾರನೆಯ ದಿನ ಮೇಷ್ಟ್ರು ಎರಡು ಲೋಟ ಚಹಾ ಹಿಡಿದು ಬಟ್ಟೆ ತುಂಬುವ ಕಟ್ಟೆಯ ಹತ್ತಿರ ಹನ್ನೊಂದನೇ ನಂಬರಿನವಳನ್ನು ಹುಡುಕಿಕೊಂಡು ಹೋದರು. ಅವಳು ಚಹಾ ತೆಗೆದುಕೊಂಡಳು. ಇನ್ನು ಮೇಲೆ ನಿಂತಲ್ಲೆಲ್ಲ ಆರಿಸಿಬಿಡಮ್ಮ, ಒಂದು ವಾರದಲ್ಲಿ ನಿನ್ನ ಕಿತ್ತಳೆ ಹೋಗುತ್ತೆ, ಆಮೇಲೆ ನಾನು ಸಾಹೇಬರ ಹತ್ತಿರ ನಿನ್ನ ಪರ ಒಂದು ಮಾತು ಹೇಳ್ತೀನಿ ಅಂತ ಮೇಷ್ಟ್ರು ಮೆಲ್ಲಗೆ ಹೇಳಿದರು. ಯಾವ ಮಾತು ಅಂತ ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬೇರೆಯದನ್ನು ಕೇಳಿದಳು.

“ನಿಮಗೆ ಯಾವಾಗ ಗೊತ್ತಾಯ್ತು ಮೇಷ್ಟ್ರೇ?”

“ಈಗ... ಡಬ್ಬಿ ಬಂದ ಮೇಲೆ. ಒಂದು ತಿಂಗಳಾಯ್ತು.”

ಒಂದು ಸುಳ್ಳಿಗೆ ಇನ್ನೊಂದನ್ನು ಊರುಗೋಲಾಗಿ ಕೊಟ್ಟಂತಾಯಿತು. ಅವಳು ನಂಬಿದಳು. ನಂಬಿದ್ದೇ ದೊಡ್ಡ ಪೆಟ್ಟು. ಅಷ್ಟಕ್ಕೆ ಮುಗಿಯಲಿಲ್ಲ, ಚಹಾ ಕುಡಿಯುತ್ತಾ ಅವಳು ತನ್ನ ಎದೆಯಲ್ಲಿದ್ದುದನ್ನು ಹೇಳಿದಳು. ದೊಡ್ಡ ಆಸ್ಪತ್ರೆಯ ಹಿಂಬಾಗಿಲಲ್ಲಿ ಕೊಳೆ ಬಟ್ಟೆ ಎಣಿಸಿ ಕೊಡುವ ಆಯಾ ಒಬ್ಬಳಿದ್ದಾಳೆ. ಆ ಬಾಗಿಲ ಮೇಲೆಯೇ ಮಕ್ಕಳ ವಾರ್ಡಿನ ಕಿಟಕಿ. ಹೊಗೆ ನೇರವಾಗಿ ಒಳಗೆ ಹೋಗುತ್ತೆ, ಎಣಿಸಿ ಮುಗಿಸುವ ತನಕ ಆರಿಸು ತಾಯಿ ಅಂತ ಆ ಆಯಾ ಮೊದಲ ವರ್ಷ ದಿನಾ ಬೇಡಿಕೊಂಡಿದ್ದಳು. ಇವಳು ಆರಿಸಿರಲಿಲ್ಲ.

“ಜಗಳಾನೇ ಆಗೋಯ್ತು. ‘ನಮ್ಮ ಮೇಷ್ಟ್ರು ಅಂಥ ಇಂಥವರಲ್ಲ, ಎಂಜಿನ್ ವಿಷಯ ಅವರಿಗಿಂತ ನಿನಗೆ ಗೊತ್ತಾ’ ಅಂತ ಬಾಯಿಗೆ ಬಂದ ಹಾಗೆ ಬೈದಿದೀನಿ. ಆಮೇಲೆ ಅವಳು ಕೇಳೋದೇ ಬಿಟ್ಟಳು. ನಮ್ಮ ಗಾಡಿ ಬರೋ ಹೊತ್ತಿಗೆ ಮೇಲೆ ಹೋಗಿ ಕಿಟಕಿ ಮುಚ್ಚಿ ಬರ್ತಾಳೆ. ವಯಸ್ಸಾದವಳು, ಎರಡು ಮಹಡಿ ಮೆಟ್ಟಿಲು ಹತ್ತಿ.” ಅವಳು ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. “ಇಸ್ತ್ರಿ ಹಾಲಿಗೆ ಹೋಗೋದು ನಂಗೆ ಹೊಸದಲ್ಲ. ಅವಳ ಮುಖ ನೋಡೋದು ಹೇಗೆ ಅಂತ.”

ಮೇಷ್ಟ್ರು ಅವಳ ಖಾಲಿ ಲೋಟವನ್ನೂ ಎತ್ತಿಕೊಂಡರು. ತಾವು ಒಬ್ಬರೇ ಸಂಜೆಯ ಸರದಿಗೆ, ಆಯಾ ಮನೆಗೆ ಹೋದ ಮೇಲೆ, ಆ ಬಾಗಿಲಿಗೆ ಹೋದ ದಿನಗಳಲ್ಲಿ ಎಂಜಿನ್ ಆರಿಸಿ, ಆ ಮೌನದಲ್ಲಿ ಮೇಲಿನ ವಾರ್ಡಿನ ಮಕ್ಕಳು ಮಾತಾಡುವುದನ್ನು ಕೇಳಿಸಿಕೊಂಡದ್ದು ನೆನಪಾಯಿತು. ಕೇಳಿಸಿಕೊಂಡೂ ಯಾರಿಗೂ ಹೇಳಲಿಲ್ಲವಲ್ಲ. ಇಷ್ಟು ದಿನ ಅವರು ತಮ್ಮ ತಪ್ಪನ್ನು ಡೀಸೆಲ್ಲಿನಲ್ಲಿ ಅಳೆಯುತ್ತಿದ್ದರು, ಇನ್ನು ಹಾಗೆ ಅಳೆಯಲು ಬರುವಂತಿರಲಿಲ್ಲ.

ಸೋಮವಾರ ಬೆಳಗ್ಗೆ ಅಂಗಳದಲ್ಲಿ ಪಾಠ. ಗೋಡೆಯ ಪರದೆಯನ್ನು ಚುಕ್ಕಿ ಸಾರ್ ಹೊರಗೆ ತಂದು ಮೇಜಿನ ಮೇಲೆ ನಿಲ್ಲಿಸಿದ್ದರು. ಮ್ಯಾನೇಜರ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹನ್ನೊಂದನೇ ನಂಬರಿನವಳು ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಳು. ವಾರಾಂತ್ಯಕ್ಕೆ ತಿಂಗಳು ಮುಗಿಯುತ್ತಿತ್ತು, ಬದಲಿ ಡ್ರೈವರನ್ನೂ ನೋಡಿಯಾಗಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ನಿಂತಾಗ ಎಂಜಿನ್ ಆರಿಸಬೇಕು ಅಂತ ಶುರು ಮಾಡಿದರು. ಹದಿನಾರನೇ ನಂಬರಿನವನು ಕೈ ಎತ್ತಿದ.

“ಮೇಷ್ಟ್ರೇ, ಹಾಗಾದ್ರೆ ಆ ಒಂದು ಲೋಟ ಡೀಸೆಲ್ ಯಾರು ಕುಡಿದ್ರು?”

ಎಲ್ಲರೂ ನಕ್ಕರು. ಮ್ಯಾನೇಜರ್, ಏನದು ಲೋಟ ಅಂತ ಕೇಳಿದರು. ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಹಳೇ ಗಾಡಿಗೆ ಒಂದು ಪದ್ಧತಿ ಸಾರ್, ಹೊಸ ಗಾಡಿಗೆ ಇನ್ನೊಂದು, ಕಾಲಕ್ಕೆ ತಕ್ಕ ಹಾಗೆ ನಾವೂ ಬದಲಾಗಬೇಕು ಅಂದುಬಿಟ್ಟರು ಮೇಷ್ಟ್ರು. ಮ್ಯಾನೇಜರ್ ತಲೆದೂಗಿದರು. ಒಳ್ಳೆಯ ಮಾತು, ಎಲ್ಲರೂ ಬರೆದಿಟ್ಟುಕೊಳ್ಳಿ ಅಂದರು. ಅಲ್ಲಿಗೆ ಮುಗಿದುಹೋಗುತ್ತಿತ್ತು.

ಕಂಬದ ಹತ್ತಿರ ಹನ್ನೊಂದನೇ ನಂಬರಿನವಳು, ಮೇಷ್ಟ್ರು ಸಿಕ್ಕಿಬೀಳದೆ ಪಾರಾದರಲ್ಲ ಅಂತ, ಸಮಾಧಾನದಿಂದ ಉಸಿರು ಬಿಟ್ಟಳು. ತನ್ನ ಗಾಡಿ ಹೋಗುತ್ತಿದ್ದರೂ ಅವಳು ಹೆದರಿದ್ದದ್ದು ಅವರ ಮರ್ಯಾದೆಗೆ. ಮೇಷ್ಟ್ರು ಅದನ್ನು ಕಂಡರು. ಅದನ್ನು ಕಂಡ ಮೇಲೆ ಆ ಮಾತಿನ ಮೇಲೆ ನಿಲ್ಲಲು ಅವರ ಕಾಲಿಗೆ ಆಗಲಿಲ್ಲ.

ಹನ್ನೊಂದನೇ ನಂಬರಿನ ನಕ್ಷೆ ಹಾಕಿ ಅಂತ ಚುಕ್ಕಿ ಸಾರ್‌ಗೆ ಹೇಳಿದರು. ಪರದೆಯ ತುಂಬ ಕಿತ್ತಳೆ ಬಂತು.

“ಇದು ಅವಳದ್ದಲ್ಲ ಸಾರ್, ನಂದು. ಇಲ್ಲಿ ಕಾಣೋ ಕಿತ್ತಳೆ ಎಲ್ಲಾ ನಾನು ಹಚ್ಚಿದ್ದು. ಆರಿಸಬೇಡಿ ಅಂತ ಇವರಿಗೆಲ್ಲ ಕಲಿಸಿದ್ದು ನಾನು. ಅದು ತಪ್ಪು ಅಂತ ನಂಗೆ ಗೊತ್ತಾಗಿ ನಾಲ್ಕು ವರ್ಷ ಆಯ್ತು. ನಾನು ಮಾತ್ರ ಆರಿಸ್ಕೊಂಡೆ, ಇವರಿಗೆ ಹೇಳಲಿಲ್ಲ.”

ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಚಿಕೆ ಅಂತ ಹೇಳಬೇಕಾಗುತ್ತಿತ್ತು. ಒಬ್ಬ ಮೇಷ್ಟ್ರು ತನ್ನ ಪಾಠ ತಪ್ಪು ಅನ್ನುವ ಒಂದು ಕ್ಷಣದ ನಾಚಿಕೆ ತಪ್ಪಿಸಿಕೊಳ್ಳಲು ಹೋಗಿ, ನಾಲ್ಕು ವರ್ಷ ಹತ್ತೊಂಬತ್ತು ಗಾಡಿಗಳು ಸುಟ್ಟ ಕಥೆ ಅದು.

ಮ್ಯಾನೇಜರ್ ಮೊದಲು ಚುಕ್ಕಿ ಸಾರ್ ಅವರನ್ನು, ಆಮೇಲೆ ಗಡಿಯಾರವನ್ನು ನೋಡಿದರು. ಬಟ್ಟೆ ಹೊರಡುವ ಹೊತ್ತಾಗಿತ್ತು. ಹನ್ನೊಂದನೇ ನಂಬರಿನವಳು ಇನ್ನೊಂದು ತಿಂಗಳು ಗಾಡಿ ಓಡಿಸಲಿ, ಕಿತ್ತಳೆ ಇಳಿದರೆ ಗಾಡಿ ಅವಳದ್ದೇ ಅಂದರು. ಇನ್ನು ಮುಂದೆ ಹೊಸಬರಿಗೆ ಕಲಿಸುವುದು ಬೇರೆಯವರು ಅಂತಲೂ ಅಂದರು. ಮೇಷ್ಟ್ರ ಮುಖ ನೋಡದೆ ಹೇಳಿದರು. ಆ ಪ್ರಶಂಸಾಪತ್ರ ವಾಪಸ್ ತಂದುಕೊಡಿ ಅಂತ ಮಾತ್ರ ಹೇಳಲಿಲ್ಲ. ಮರುದಿನ ಮೇಷ್ಟ್ರೇ ತಂದು ಮೇಜಿನ ಮೇಲಿಟ್ಟರು.

ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಅಂತಾರೆ. ಮೇಷ್ಟ್ರಿಗೆ ಹಾಗೇನೂ ಆಗಲಿಲ್ಲ. ಡ್ರೈವರುಗಳು ಬೈದಿದ್ದರೆ ಚೆನ್ನಾಗಿತ್ತು, ಯಾರೂ ಬೈಯಲಿಲ್ಲ. ಅವರು ಹತ್ತಿರ ಬಂದರೆ ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು, ಗುರುತಿಲ್ಲದವರಿಗೆ ದಾರಿ ಬಿಡುವ ಹಾಗೆ. ಎಲ್ಲಾ ಕೇಳಿದ ಹೆಂಡತಿ ಮಾತ್ರ, ನಾಲ್ಕು ವರ್ಷ ನನಗೂ ಹೇಳಲಿಲ್ಲವಲ್ಲ ಅಂತ ಒಂದೇ ಮಾತಂದು ಯಂತ್ರ ತುಳಿಯತೊಡಗಿದಳು. ಆ ಸಂಜೆ ಅದು ನಿಲ್ಲಲೇ ಇಲ್ಲ.

ಹನ್ನೊಂದನೇ ನಂಬರಿನವಳು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಬಟ್ಟೆ ತುಂಬುವಾಗ ಅವಳೇ ಹತ್ತಿರ ಬಂದಳು.

“ನಂಗೆ ಒಂದು ತಿಂಗಳು ಅಂದ್ರಿ.”

“ಸುಳ್ಳು ಹೇಳ್ದೆ ಕಣಮ್ಮ.”

“ನಾನು ಗಾಡಿ ಹತ್ತೋ ಮೊದಲೇ ಗೊತ್ತಿತ್ತು.”

“ಗೊತ್ತಿತ್ತು.”

ಅವಳು ಸ್ವಲ್ಪ ಹೊತ್ತು ಬಟ್ಟೆ ಗಂಟುಗಳನ್ನು ಎಣಿಸಿದಳು. ಎಣಿಸಿ ಮುಗಿಸಿ ಬಾಗಿಲು ಹಾಕಿ, ಆಯಾಗೆ ನಾನು ಹೇಳಲ್ಲ, ನೀವೇ ಹೇಳಬೇಕು ಅಂದಳು. ಮೇಷ್ಟ್ರ ವ್ಯಾನಿಗೆ ಅವತ್ತು ಮಧ್ಯಾಹ್ನದ ತನಕ ಕೆಲಸವಿರಲಿಲ್ಲ. ಅವರು ಹನ್ನೊಂದನೇ ನಂಬರಿನ ಪಕ್ಕದ ಸೀಟು ಹತ್ತಿದರು, ಕಲಿಯಲು ಬಂದವರು ಕೂರುವ ಸೀಟು. ಗೇರು ಬದಲಿಸುವುದು, ತಿರುವಿನಲ್ಲಿ ಕನ್ನಡಿ ನೋಡುವುದು ಎಲ್ಲವೂ ಅವರು ಕಲಿಸಿದ ಹಾಗೇ ಇತ್ತು. ಅದನ್ನು ನೋಡಲಾಗದೆ ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು.

ಆಸ್ಪತ್ರೆಯ ಹಿಂಬಾಗಿಲಲ್ಲಿ ಹಿಮ್ಮುಖ ಬಂದು ಗಾಡಿ ನಿಲ್ಲಿಸಿ ಅವಳು ಕೀಲಿ ತಿರುಗಿಸಿದಳು. “ಇಳೀರಿ” ಅಂದಳು, ತಾನು ಇಳಿಯಲಿಲ್ಲ.

ಆಯಾ ಕೊಳೆ ಬಟ್ಟೆಯ ಗಂಟುಗಳ ನಡುವೆ ಪುಸ್ತಕ ಹಿಡಿದು ನಿಂತಿದ್ದಳು. ಸಣ್ಣ ಆಳು, ಮೆಟ್ಟಿಲು ಹತ್ತಿಳಿದು ಏದುಸಿರು ಇನ್ನೂ ನಿಂತಿರಲಿಲ್ಲ. ಮೇಷ್ಟ್ರು ಎದುರಿಗೆ ನಿಂತು, ಮೂರು ವರ್ಷದ ಹಿಂದೆ ಆ ಹುಡುಗಿ ನಿಮ್ಮ ಜೊತೆ ಜಗಳ ಆಡಿದಳಲ್ಲ, ಎಂಜಿನ್ ಆರಿಸಬಾರದು ಅಂತ ಅವಳಿಗೆ ಹೇಳಿಕೊಟ್ಟವರು ತಿಳಿದೂ ತಿಳಿದೂ ಸುಳ್ಳು ಹೇಳಿದ್ದರು, ಅವಳದು ತಪ್ಪಿಲ್ಲ ಅಂದರು. ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಬಂತು ಮಾತು. ಆಯಾ ಪುಸ್ತಕ ಮುಚ್ಚಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಅವಳು ಯಾವಾಗ್ಲೂ ಹೇಳ್ತಿದ್ದ ಆ ಮೇಷ್ಟ್ರು ಅಂದ್ರೆ...”

“ನಾನೇ.”

“ಓ” ಅಂದಳು ಆಯಾ. “ನಾನು ಯಾರೋ ದೊಡ್ಡವರು ಅಂದ್ಕೊಂಡಿದ್ದೆ.”